ಎಡಿಟರ್ ಎಕ್ಸ್‌ಟೆನ್ಶನ್‌ನಲ್ಲಿ ಬಗ್ ಸಿಕ್ಕಿತಾ? ವರದಿ ಮಾಡುವುದರಿಂದ ತಿದ್ದುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಟೆಕ್ಸ್ಟ್ ಎಡಿಟರ್‌ಗೆ ಹಾಕಿಕೊಂಡ ಎಕ್ಸ್‌ಟೆನ್ಶನ್ (ಹೊಸ ಸೌಲಭ್ಯ ಸೇರಿಸುವ ಸಣ್ಣ ಪ್ರೋಗ್ರಾಮ್) ಕೈಕೊಟ್ಟರೆ ಹೆಚ್ಚಿನವರು ಏನು ಮಾಡುತ್ತಾರೆ? ಅದನ್ನು ಕಿತ್ತುಹಾಕಿ ಇನ್ನೊಂದನ್ನು ಹುಡುಕುತ್ತಾರೆ. ಇಲ್ಲವೇ ಒಂದು ಸ್ಟಾರ್ ಕೊಟ್ಟು "ಕೆಲಸ ಮಾಡಲ್ಲ" ಅಂತ ಬರೆದು ಸುಮ್ಮನಾಗುತ್ತಾರೆ. ಬಗ್ ಮಾತ್ರ ಅಲ್ಲೇ ಇರುತ್ತದೆ. ಎಕ್ಸ್‌ಟೆನ್ಶನ್ ಓಪನ್ ಸೋರ್ಸ್ ಆಗಿದ್ದರೆ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಲು ಲೈಸೆನ್ಸ್ ಬಿಡುವಂತಿದ್ದರೆ, ಬಗ್ಗನ್ನು ಸರಿಯಾಗಿ ವರದಿ ಮಾಡಬಹುದು, ಮನಸ್ಸಿದ್ದರೆ ನೀವೇ ತಿದ್ದಿ ಕಳಿಸಬಹುದು.

ಈ ಕೆಲಸದಲ್ಲಿ ನಿಜವಾಗಿ ಬೆವರು ಹರಿಯುವುದು ಒಂದೇ ಕಡೆ. ನಿಮಗೆ ಕಾಣುವ ಬಗ್ ಬೇರೊಬ್ಬರ ಕಂಪ್ಯೂಟರ್‌ನಲ್ಲೂ ಹಾಗೇ ಕಾಣುವಂತೆ ಮಾಡಬೇಕು. ಅಷ್ಟಾದರೆ ತಿದ್ದುವುದು ಎಷ್ಟೋ ಸಲ ಒಂದೆರಡು ಸಾಲಿನ ಮಾತು. ಅದಕ್ಕೇ ಈ ಬರಹದಲ್ಲಿ ಕೋಡ್‌ಗಿಂತ ಅದರ ಹಿಂದಿನ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉದಾಹರಣೆಗಳೆಲ್ಲ ವಿಎಸ್ ಕೋಡ್ ಎಡಿಟರ್‌ನವು, ರೆಪೊ (ಎಕ್ಸ್‌ಟೆನ್ಶನ್‌ನ ಕೋಡ್ ಇಟ್ಟಿರುವ ಜಾಗ) ಗಿಟ್‌ಹಬ್ ತಾಣದಲ್ಲಿದೆ ಅಂತ ಇಟ್ಟುಕೊಂಡಿದ್ದೇನೆ. ಬೇರೆ ಎಡಿಟರ್‌ಗಳಲ್ಲಿ ಬಟನ್ ಹೆಸರು ಬದಲಾಗುತ್ತದೆ, ದಾರಿ ಅದೇ. ಆಜ್ಞೆಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಲ್ಲೇ ಟೈಪ್ ಮಾಡಬೇಕು, ಗೊತ್ತಿದ್ದದ್ದೇ.

ಹಂತ 1: ತಪ್ಪು ಯಾರದ್ದು ಅಂತ ಮೊದಲು ಖಚಿತ ಮಾಡಿಕೊಳ್ಳಿ

ಎಡಿಟರ್‌ನಲ್ಲಿ ಏನೋ ಕೆಟ್ಟಿದೆ ಅಂದ ಮಾತ್ರಕ್ಕೆ ನೀವು ಅನುಮಾನಪಡುವ ಎಕ್ಸ್‌ಟೆನ್ಶನ್ನೇ ಕಾರಣ ಆಗಬೇಕಿಲ್ಲ. ನೋಡದೆ ದೂರಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ. ಪಾಪ, ಯಾವುದೋ ಮೇಂಟೇನರ್, ಅಂದರೆ ಎಕ್ಸ್‌ಟೆನ್ಶನ್ ನೋಡಿಕೊಳ್ಳುವವ, ತನ್ನದಲ್ಲದ ಬಗ್ ಹುಡುಕುತ್ತಾ ಕೂರಬೇಕಾಗುತ್ತದೆ.

ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿದರೆ ಕಮಾಂಡ್ ಪ್ಯಾಲೆಟ್ ತೆರೆಯುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್ ಕೀ. ಅಲ್ಲಿ "ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್" ಅಂತ ಹುಡುಕಿ. ಇದು ನಿಮ್ಮ ಎಕ್ಸ್‌ಟೆನ್ಶನ್‌ಗಳಲ್ಲಿ ಅರ್ಧವನ್ನು ಆಫ್ ಮಾಡಿ "ಈಗಲೂ ತೊಂದರೆ ಇದೆಯಾ?" ಅಂತ ಕೇಳುತ್ತದೆ. ನಿಮ್ಮ ಉತ್ತರ ನೋಡಿ ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತದೆ. 40 ಎಕ್ಸ್‌ಟೆನ್ಶನ್ ಇದ್ದರೂ ಆರು ಸುತ್ತಿನ ಆಸುಪಾಸಿನಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಒಂದೊಂದನ್ನೇ ಆಫ್ ಮಾಡಿ ನೋಡುತ್ತಾ ಕೂರುವವರಿಗೆ ಈ ಸೌಲಭ್ಯ ಗೊತ್ತೇ ಇರುವುದಿಲ್ಲ.

ಆಮೇಲೆ ಒಂದು ಟೆಂಪರರಿ ಪ್ರೊಫೈಲ್ ತೆರೆಯಿರಿ. ಕಮಾಂಡ್ ಪ್ಯಾಲೆಟ್‌ನಲ್ಲೇ ಸಿಗುತ್ತದೆ. ಅದರಲ್ಲಿ ನಿಮ್ಮ ಸೆಟ್ಟಿಂಗ್ ಇರುವುದಿಲ್ಲ, ಬೇರೆ ಎಕ್ಸ್‌ಟೆನ್ಶನ್ ಇರುವುದಿಲ್ಲ. ಅನುಮಾನವಿರುವ ಒಂದನ್ನು ಮಾತ್ರ ಅಲ್ಲಿ ಹಾಕಿ ನೋಡಿ. ಬಗ್ ಇನ್ನೂ ಕಾಣುತ್ತಿದ್ದರೆ ಒಳ್ಳೆಯದೇ, ವರದಿಗೆ ಗಟ್ಟಿ ಆಧಾರ ಸಿಕ್ಕಿತು. ಕಾಣದಿದ್ದರೆ ನಿಮ್ಮ ಯಾವುದೋ ಸೆಟ್ಟಿಂಗ್ ಅಥವಾ ಇನ್ನೊಂದು ಎಕ್ಸ್‌ಟೆನ್ಶನ್ ಜೊತೆಗಿನ ಜಗಳ ಅದು. ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ವಾಪಸ್ ತಂದು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ವಿಮ್ ಮತ್ತು ನಿಯೋವಿಮ್ ಬಳಸುವವರಿಗೆ "ಕ್ಲೀನ್" ಅನ್ನುವ ಫ್ಲ್ಯಾಗ್ (ಆಜ್ಞೆಯ ಜೊತೆ ಕೊಡುವ ಆಯ್ಕೆ) ಇದೆ. ಈಮ್ಯಾಕ್ಸ್‌ನಲ್ಲಿ ದೊಡ್ಡಕ್ಷರದ ಕ್ಯೂ ಫ್ಲ್ಯಾಗ್ ಕೊಟ್ಟು ಶುರು ಮಾಡಿದರೆ ನಿಮ್ಮ ಸಂರಚನೆ ಲೋಡ್ ಆಗುವುದಿಲ್ಲ.

ಇಲ್ಲಿಗೇ ಮುಗಿಯಲಿಲ್ಲ. ಎಕ್ಸ್‌ಟೆನ್ಶನ್ ಅನ್ನುವುದು ಎಷ್ಟೋ ಸಲ ಬರೀ ಮೇಲುಹೊದಿಕೆ. ಕೋಡ್ ಫಾರ್ಮ್ಯಾಟ್ ಮಾಡುವ, ತಪ್ಪು ತೋರಿಸುವ ನಿಜವಾದ ಕೆಲಸ ಒಳಗಿನ ಬೇರೆ ಪ್ರೋಗ್ರಾಮಿನದ್ದು. ಆ ಪ್ರೋಗ್ರಾಮನ್ನು ಟರ್ಮಿನಲ್‌ನಲ್ಲಿ ಅದೇ ಫೈಲ್ ಮೇಲೆ ನೇರವಾಗಿ ಓಡಿಸಿ. ಅಲ್ಲೂ ಅದೇ ತಪ್ಪು ಬಂದರೆ ವರದಿ ಹೋಗಬೇಕಾದದ್ದು ಆ ಪ್ರೋಗ್ರಾಮಿನ ರೆಪೊಗೆ. ಟರ್ಮಿನಲ್‌ನಲ್ಲಿ ಸರಿಯಿದ್ದು ಎಡಿಟರ್‌ನಲ್ಲಿ ಮಾತ್ರ ಕೆಟ್ಟರೆ ಎಕ್ಸ್‌ಟೆನ್ಶನ್ ಮೇಲಿನ ಅನುಮಾನ ಬಲವಾಗುತ್ತದೆ.

ಈ ಎರಡರ ನಡುವೆ ಹುಟ್ಟುವ ಒಂದು ಬಗ್ ಕನ್ನಡಿಗರಿಗೆ ಚೆನ್ನಾಗಿ ಪರಿಚಯ ಇರಬಹುದು. ಕೋಡ್ ಸಾಲಿನಲ್ಲಿ ಕನ್ನಡ ಅಕ್ಷರ ಬಂದ ಮೇಲೆ ತಪ್ಪು ತೋರಿಸುವ ಕೆಂಪು ಗೆರೆ ಬಲಕ್ಕೆ ಜಾರಿರುತ್ತದೆ. ಕಾರಣ ಎಣಿಕೆಯದ್ದು. ಎಡಿಟರ್ ಮತ್ತು ಲ್ಯಾಂಗ್ವೇಜ್ ಸರ್ವರ್ (ಕೋಡಿನ ತಪ್ಪು ಹುಡುಕುವ ಒಳಗಿನ ಪ್ರೋಗ್ರಾಮ್) ಮಾತಾಡುವ ಪ್ರೋಟೋಕಾಲ್‌ನಲ್ಲಿ ಸ್ಥಾನವನ್ನು ಯುಟಿಎಫ್-16 (ಅಕ್ಷರಗಳನ್ನು ಸಂಖ್ಯೆಯಾಗಿ ಬರೆದಿಡುವ ಒಂದು ಬಗೆ) ಲೆಕ್ಕದಲ್ಲಿ ಹೇಳುವುದು ಮೊದಲಿನಿಂದ ಬಂದ ರೂಢಿ. ಬೇರೆ ಲೆಕ್ಕವನ್ನು ಮಾತಾಡಿಕೊಂಡು ಒಪ್ಪಬಹುದು ಅನ್ನುವುದು 3.17ನೇ ಆವೃತ್ತಿಯಲ್ಲಿ ಬಂತು. ಒಂದು ಕನ್ನಡ ಅಕ್ಷರಚಿಹ್ನೆ ಯುಟಿಎಫ್-16ರಲ್ಲಿ ಒಂದು ಘಟಕ, ಇನ್ನೊಂದು ಬಗೆಯಾದ ಯುಟಿಎಫ್-8ರಲ್ಲಿ ಮೂರು ಬೈಟ್. ಸರ್ವರ್ ಬೈಟ್ ಎಣಿಸಿ ಕಳಿಸಿದರೆ ಪ್ರತಿ ಚಿಹ್ನೆಗೂ ಗೆರೆ ಎರಡೆರಡು ಸ್ಥಾನ ಮುಂದಕ್ಕೆ ಹೋಗುತ್ತದೆ. ಇಂಥದ್ದು ಕಂಡರೆ ಅದು ಸರ್ವರ್‌ನ ಬಗ್ ಆಗಿರುವ ಸಾಧ್ಯತೆ ಜಾಸ್ತಿ.

ಹಂತ 2: ಬಗ್ಗನ್ನು ಸಣ್ಣದು ಮಾಡಿ

ಇಲ್ಲಿಂದ ಒಂದು ಕಾಲ್ಪನಿಕ ಎಕ್ಸ್‌ಟೆನ್ಶನ್ ಹಿಡಿದುಕೊಂಡು ಹೋಗೋಣ. ತೆರೆದ ಫೈಲಿನಲ್ಲಿ ಎಷ್ಟು ಪದ ಇವೆ ಅಂತ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ತೋರಿಸುವುದು ಅದರ ಕೆಲಸ. ನಿಮ್ಮ ಉದ್ದನೆಯ ಬರಹ ತೆರೆದಾಗ ಅದು 31 ಅಂತ ತೋರಿಸುತ್ತದೆ. ಬರಹದಲ್ಲಿ ಸಾವಿರಾರು ಪದ ಇವೆ.

"ಪದದ ಲೆಕ್ಕ ತಪ್ಪು ಬರುತ್ತಿದೆ" ಅಂತ ಇಷ್ಟಕ್ಕೇ ವರದಿ ಹಾಕಿದರೆ ಮೇಂಟೇನರ್ ತನ್ನ ಫೈಲ್ ತೆರೆದು ನೋಡುತ್ತಾನೆ, ಲೆಕ್ಕ ಸರಿಯಾಗಿರುತ್ತದೆ, "ನನಗೆ ಕಾಣುತ್ತಿಲ್ಲ" ಅಂತ ಇಶ್ಯೂ (ರೆಪೊದಲ್ಲಿ ದಾಖಲಾದ ವರದಿ) ಮುಚ್ಚುತ್ತಾನೆ. ಅವನದ್ದೇನೂ ತಪ್ಪಿಲ್ಲ.

ಹಾಗಾಗಿ ಫೈಲನ್ನು ಕತ್ತರಿಸುತ್ತಾ ಬನ್ನಿ. ಅರ್ಧ ಅಳಿಸಿ, ಬಗ್ ಇದೆಯಾ ನೋಡಿ. ಇದೆ. ಮತ್ತೆ ಅರ್ಧ ಅಳಿಸಿ. ಹೀಗೇ ಮಾಡುತ್ತಾ ಹೋದರೆ ಕೊನೆಗೆ ಒಂದು ಸಾಲು ಉಳಿಯುತ್ತದೆ, ಅದರಲ್ಲಿ ಮೂರು ಕನ್ನಡ ಪದ. ಎಕ್ಸ್‌ಟೆನ್ಶನ್ 0 ಅನ್ನುತ್ತದೆ. ನಡುವೆ ಒಂದು ಇಂಗ್ಲಿಷ್ ಪದ ಸೇರಿಸಿ. ಈಗ 1 ಅನ್ನುತ್ತದೆ. ಒಂದು ಅಂಕಿ ಸೇರಿಸಿ, 2 ಆಗುತ್ತದೆ. ನೋಡಿದಿರಾ, ಕೋಡ್ ಒಂದಕ್ಷರ ಓದದೆಯೇ ವಿಷಯ ಹೊರಬಿತ್ತು. ಇದು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದ ಅಂತ ಲೆಕ್ಕ ಹಾಕುತ್ತಿದೆ. ಆ 31 ಅಂದರೆ ನಿಮ್ಮ ಬರಹದಲ್ಲಿ ಅಲ್ಲಲ್ಲಿ ಬಂದ ಇಂಗ್ಲಿಷ್ ಪದಗಳು ಮತ್ತು ಅಂಕಿಗಳು.

ಸಣ್ಣ ಮಾಡುವಾಗ ನಿಮ್ಮ ಖಾಸಗಿ ವಿಷಯವೂ ಉದುರಿಹೋಗುತ್ತದೆ, ಅದೊಂದು ಲಾಭ. ಆಫೀಸಿನ ಕೋಡ್ ಅಥವಾ ನಿಮ್ಮ ಡೈರಿಯ ಪುಟವನ್ನು ಯಾರಿಗೂ ತೋರಿಸಬೇಕಿಲ್ಲ.

"ಹೋದ ವಾರ ಸರಿಯಿತ್ತು, ಅಪ್‌ಡೇಟ್ ಆದ ಮೇಲೆ ಕೆಟ್ಟಿತು" ಅನ್ನಿಸಿದರೆ ಅದನ್ನೂ ಪರೀಕ್ಷಿಸಿ. ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಗಿಯರ್ ಗುರುತು ಒತ್ತಿದರೆ "ಇನ್‌ಸ್ಟಾಲ್ ಸ್ಪೆಸಿಫಿಕ್ ವರ್ಷನ್" ಅಂತ ಇರುತ್ತದೆ. ಹಳೇ ಆವೃತ್ತಿ ಹಾಕಿ ನೋಡಿ. ಯಾವ ಆವೃತ್ತಿವರೆಗೆ ಸರಿಯಿತ್ತು, ಯಾವುದರಿಂದ ಕೆಟ್ಟಿತು ಅಂತ ಎರಡು ಸಂಖ್ಯೆ ಕೊಟ್ಟರೆ ಮೇಂಟೇನರ್ ಹುಡುಕಬೇಕಾದ ಜಾಗ ಆ ಎರಡರ ನಡುವಿನ ಕಮಿಟ್‌ಗಳಿಗೆ (ಕೋಡಿನಲ್ಲಿ ದಾಖಲಾದ ಬದಲಾವಣೆಗಳಿಗೆ) ಇಳಿಯುತ್ತದೆ. ಇಡೀ ವರದಿಯಲ್ಲಿ ಇದಕ್ಕಿಂತ ಬೆಲೆಬಾಳುವ ಸಾಲು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಹಂತ 3: ಲಾಗ್ ಮತ್ತು ಆವೃತ್ತಿ ಸಂಖ್ಯೆ

ಲಾಗ್ ಅಂದರೆ ಪ್ರೋಗ್ರಾಮ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ. ಅದನ್ನು ನೋಡಲು ಔಟ್‌ಪುಟ್ ಪ್ಯಾನೆಲ್ ತೆರೆಯಿರಿ. ಬಲಗಡೆಯ ಪಟ್ಟಿಯಲ್ಲಿ ಎಕ್ಸ್‌ಟೆನ್ಶನ್ ಹೆಸರು ಇದೆಯಾ ನೋಡಿ, ಅದನ್ನು ಆರಿಸಿ. ಅಲ್ಲಿ ಏನೂ ಇಲ್ಲದಿದ್ದರೆ "ಎಕ್ಸ್‌ಟೆನ್ಶನ್ ಹೋಸ್ಟ್" ಅನ್ನುವ ಲಾಗ್ ನೋಡಿ. ಎಕ್ಸ್‌ಟೆನ್ಶನ್‌ಗಳು ಎಡಿಟರ್‌ನ ಮುಖ್ಯ ಕಿಟಕಿಯಿಂದ ಬೇರೆಯಾದ ಪ್ರೊಸೆಸ್‌ನಲ್ಲಿ ಓಡುತ್ತವೆ. ಅವು ಬಿದ್ದರೆ ಸದ್ದು ಕೇಳುವುದು ಇಲ್ಲೇ. ಜಾಸ್ತಿ ವಿವರ ಬೇಕೆಂದರೆ "ಸೆಟ್ ಲಾಗ್ ಲೆವೆಲ್" ಆಜ್ಞೆಯಲ್ಲಿ ಟ್ರೇಸ್ ಆರಿಸಿ, ಬಗ್ ಮತ್ತೆ ಬರಿಸಿ, ಆಮೇಲೆ ಮರೆಯದೆ ವಾಪಸ್ ಇನ್ಫೋಗೆ ತನ್ನಿ. ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ ಅನ್ನುವಂಥ ಮೂಕ ಬಗ್‌ಗಳಿಗೆ ಡೆವಲಪರ್ ಟೂಲ್ಸ್‌ನ ಕನ್ಸೋಲ್ ನೋಡಿ.

ಎಡಿಟರ್ ನಿಧಾನ ಅನ್ನುವ ದೂರಾದರೆ "ಶೋ ರನ್ನಿಂಗ್ ಎಕ್ಸ್‌ಟೆನ್ಶನ್ಸ್" ಆಜ್ಞೆ ಕೊಡಿ. ಯಾವುದು ಶುರುವಾಗಲು ಎಷ್ಟು ಮಿಲಿಸೆಕೆಂಡ್ ತಿನ್ನುತ್ತಿದೆ ಅಂತ ಅಲ್ಲೇ ಕಾಣುತ್ತದೆ.

ಆವೃತ್ತಿಗಳು: ಎಡಿಟರ್‌ನದ್ದು, ಎಕ್ಸ್‌ಟೆನ್ಶನ್‌ನದ್ದು, ಆಪರೇಟಿಂಗ್ ಸಿಸ್ಟಂನದ್ದು. "ಲೇಟೆಸ್ಟ್" ಅಂತ ಬರೆಯಬೇಡಿ, ಮುಂದಿನ ತಿಂಗಳು ಓದುವವರಿಗೆ ಅದಕ್ಕೆ ಅರ್ಥವಿರುವುದಿಲ್ಲ. ವಿಎಸ್ ಕೋಡ್‌ನ ಕೋಡಿನಿಂದಲೇ ಮಾಡಿದ ವಿಎಸ್‌ಕೋಡಿಯಂ ಎಡಿಟರ್ ಬಳಸುತ್ತಿದ್ದರೆ ಅದನ್ನೂ ಹೇಳಿ. ಅದು ಎಕ್ಸ್‌ಟೆನ್ಶನ್‌ಗಳನ್ನು ಓಪನ್ ವಿಎಸ್‌ಎಕ್ಸ್ ಅನ್ನುವ ಬೇರೆ ಕಡೆಯಿಂದ ತರುತ್ತದೆ. ಅಲ್ಲಿರುವ ಆವೃತ್ತಿ ಹಳೆಯದಾಗಿರಬಹುದು, ಬಗ್ ಆಗಲೇ ಸರಿಯಾಗಿರಲೂಬಹುದು.

ಲಾಗ್ ಅಂಟಿಸುವ ಮುನ್ನ ಒಮ್ಮೆ ಕಣ್ಣಾಡಿಸಿ. ಅದರಲ್ಲಿ ನಿಮ್ಮ ಹೆಸರಿರುವ ಫೋಲ್ಡರ್, ಪ್ರಾಜೆಕ್ಟ್ ಹೆಸರು, ಕೆಲವೊಮ್ಮೆ ಪಾಸ್‌ವರ್ಡ್‌ನಂತೆ ಕೆಲಸ ಮಾಡುವ ಟೋಕನ್ ಕೂಡ ಇರುತ್ತದೆ. ಟೋಕನ್ ಹೊರಗೆ ಹೋದರೆ ಪೋಸ್ಟ್ ತಿದ್ದಿ ಅಳಿಸುವುದು ಸಾಲದು, ಎಡಿಟ್ ಇತಿಹಾಸದಲ್ಲಿ ಉಳಿಯುತ್ತದೆ. ಆ ಟೋಕನ್ನನ್ನೇ ರದ್ದು ಮಾಡಿ ಹೊಸದು ಮಾಡಿಕೊಳ್ಳಿ.

ಹಂತ 4: ಬೇರೆ ಯಾರಾದರೂ ಹೇಳಿದ್ದಾರಾ?

ಎಕ್ಸ್‌ಟೆನ್ಶನ್ ಪುಟದಲ್ಲಿ ರೆಪಾಸಿಟರಿಯ ಕೊಂಡಿ ಇರುತ್ತದೆ. ಅಲ್ಲಿ ಇಶ್ಯೂಗಳನ್ನು ಹುಡುಕುವಾಗ ಮುಚ್ಚಿದವನ್ನೂ ಸೇರಿಸಿ. ಗಿಟ್‌ಹಬ್ ಸುಮ್ನೆ ತೆರೆದವನ್ನು ಮಾತ್ರ ತೋರಿಸುತ್ತದೆ. ಎರಡು ಮೂರು ಬೇರೆ ಬೇರೆ ಪದ ಹಾಕಿ ನೋಡಿ: ನಮ್ಮ ಉದಾಹರಣೆಗೆ "ಯೂನಿಕೋಡ್", "ವರ್ಡ್ ಕೌಂಟ್", "ನಾನ್ ಲ್ಯಾಟಿನ್". ಅರಬಿಯೋ ಹಿಂದಿಯೋ ಬರೆಯುವವರು ಇದೇ ಬಗ್ಗನ್ನು ಮೊದಲೇ ಹೇಳಿರಬಹುದು. ಸಿಕ್ಕರೆ ಹೊಸದು ತೆರೆಯಬೇಡಿ, ಅದಕ್ಕೇ ನಿಮ್ಮ ಒಂದು ಸಾಲಿನ ಉದಾಹರಣೆ ಸೇರಿಸಿ. "ನನಗೂ ಹೀಗೇ ಆಗುತ್ತಿದೆ" ಅಂತ ಬರೀ ಕಾಮೆಂಟ್ ಹಾಕಿದರೆ ಆ ಇಶ್ಯೂ ಹಿಂಬಾಲಿಸುವ ಎಲ್ಲರಿಗೂ ಮೇಲ್ ಹೋಗುತ್ತದೆ. ಅಷ್ಟೇ ಹೇಳಬೇಕೆಂದರೆ ಹೆಬ್ಬೆರಳಿನ ಗುರುತು ಒತ್ತಿದರೆ ಸಾಕು.

ಹಂತ 5: ಇಶ್ಯೂ ಬರೆಯಿರಿ

ಹೆಲ್ಪ್ ಮೆನುವಿನ "ರಿಪೋರ್ಟ್ ಇಶ್ಯೂ" ಬಳಸಬಹುದು. ಎಕ್ಸ್‌ಟೆನ್ಶನ್ ಆರಿಸಿದರೆ ಆವೃತ್ತಿಗಳನ್ನು ಅದೇ ತುಂಬಿ ಸರಿಯಾದ ರೆಪೊಗೆ ಕರೆದೊಯ್ಯುತ್ತದೆ. ರೆಪೊದಲ್ಲಿ ಇಶ್ಯೂ ಟೆಂಪ್ಲೇಟ್ ಇದ್ದರೆ ಅದನ್ನೇ ತುಂಬಿ, ಅಳಿಸಿ ನಿಮ್ಮದೇ ಧಾಟಿಯಲ್ಲಿ ಬರೆಯಬೇಡಿ.

ಹೆಚ್ಚಿನ ರೆಪೊಗಳಲ್ಲಿ ಮಾತುಕತೆ ಇಂಗ್ಲಿಷಲ್ಲೇ ನಡೆಯುತ್ತದೆ. ಅದಕ್ಕೆ ಹಿಂಜರಿಯಬೇಕಿಲ್ಲ. ಓದುವವರಲ್ಲೂ ಬಹಳ ಜನರಿಗೆ ಇಂಗ್ಲಿಷ್ ಮನೆಮಾತಲ್ಲ. ಸಣ್ಣ ಸಣ್ಣ ವಾಕ್ಯ, ಒಂದು ವಾಕ್ಯಕ್ಕೆ ಒಂದು ವಿಷಯ, ಇಷ್ಟಿದ್ದರೆ ವ್ಯಾಕರಣ ತಪ್ಪಿದರೂ ನಡೆಯುತ್ತದೆ. ನಮ್ಮ ಬಗ್‌ನ ವರದಿಯ ಹೂರಣ ಹೀಗಿರಲಿ:

ಶೀರ್ಷಿಕೆ: ಕನ್ನಡ ಪಠ್ಯಕ್ಕೆ ಪದಗಳ ಸಂಖ್ಯೆ 0 ತೋರಿಸುತ್ತದೆ

1. ಟೆಂಪರರಿ ಪ್ರೊಫೈಲ್‌ನಲ್ಲಿ ಈ ಎಕ್ಸ್‌ಟೆನ್ಶನ್ ಮಾತ್ರ ಹಾಕಿ.
2. ಹೊಸ ಮಾರ್ಕ್‌ಡೌನ್ ಫೈಲ್ ತೆರೆಯಿರಿ.
3. ಈ ಸಾಲು ಅಂಟಿಸಿ: ಇದು ನನ್ನ ಪುಸ್ತಕ
4. ಸ್ಟೇಟಸ್ ಬಾರ್ ನೋಡಿ.

ಬರಬೇಕಾದದ್ದು: 3. ಬಂದದ್ದು: 0.
ಇಂಗ್ಲಿಷ್ ಪದ ಸೇರಿಸಿದರೆ ಅದು ಮಾತ್ರ ಎಣಿಕೆಗೆ ಬರುತ್ತದೆ.
ಕೆಳಗೆ ಎಡಿಟರ್, ಎಕ್ಸ್‌ಟೆನ್ಶನ್, ಆಪರೇಟಿಂಗ್ ಸಿಸ್ಟಂ ಆವೃತ್ತಿ.

ಅಷ್ಟೇ. ಸಾಲನ್ನು ಸ್ಕ್ರೀನ್‌ಶಾಟ್ ಆಗಿ ಹಾಕದೆ ಅಕ್ಷರವಾಗಿಯೇ ಹಾಕಿ. ಚಿತ್ರದಿಂದ ಕನ್ನಡವನ್ನು ಕಾಪಿ ಮಾಡಲು ಮೇಂಟೇನರ್‌ಗೆ ಆಗುವುದಿಲ್ಲ, ಟೈಪ್ ಮಾಡಲು ಕೀಬೋರ್ಡೂ ಇರುವುದಿಲ್ಲ. ಕಣ್ಣಿಗೆ ಕಾಣುವ ಬಗ್ ಆಗಿದ್ದರೆ, ಅಂದರೆ ಬಣ್ಣ ತಪ್ಪು, ಗೆರೆ ಜಾರಿದೆ, ಇಂಥವಕ್ಕೆ ಮಾತ್ರ ಅಕ್ಷರದ ಜೊತೆಗೆ ಚಿತ್ರವೂ ಇರಲಿ.

ಕಾರಣ ಹೀಗಿರಬಹುದು ಅನ್ನುವ ನಿಮ್ಮ ಊಹೆಯನ್ನು ಕೊನೆಯಲ್ಲಿ, ಊಹೆ ಅಂತಲೇ ಹೇಳಿ ಬರೆಯಿರಿ. ಮೇಲೆ ಬರೆದರೆ ಓದುವವರು ಅದರ ಬೆನ್ನು ಹತ್ತುತ್ತಾರೆ. ಊಹೆ ತಪ್ಪಿದ್ದರೆ ಎಲ್ಲರ ಸಮಯವೂ ಹಾಳು. ಎರಡು ಬಗ್ ಇದ್ದರೆ ಎರಡು ಇಶ್ಯೂ. ಎಐ ಚಾಟ್‌ಬಾಟ್‌ಗೆ ಹೇಳಿ ಬರೆಸಿದ ಒಂದು ಪುಟದ ವರದಿ ಬೇಡವೇ ಬೇಡ. ಅದು ನೀವು ನೋಡದ ವಿಷಯವನ್ನೂ ನೋಡಿದ ಹಾಗೆ ಬರೆದುಬಿಡುತ್ತದೆ. ಕೆಲವು ಪ್ರಾಜೆಕ್ಟ್‌ಗಳು ಅಂಥದ್ದನ್ನು ನೇರವಾಗಿ ಮುಚ್ಚುತ್ತವೆ.

ಒಂದು ಅಪವಾದ. ಸಿಕ್ಕಿದ್ದು ಭದ್ರತೆಯ ತೊಂದರೆಯಾದರೆ, ಉದಾಹರಣೆಗೆ ಯಾವುದೋ ಫೈಲ್ ತೆರೆದ ಕೂಡಲೇ ಎಕ್ಸ್‌ಟೆನ್ಶನ್ ಅದರೊಳಗಿನ ಆಜ್ಞೆ ಓಡಿಸಿಬಿಟ್ಟರೆ, ಎಲ್ಲರಿಗೂ ಕಾಣುವ ಇಶ್ಯೂ ತೆರೆಯಲೇಬಾರದು. ರೆಪೊದ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಖಾಸಗಿಯಾಗಿ ಹೇಳುವ ದಾರಿ ಇದೆಯಾ ನೋಡಿ. ಇಲ್ಲದಿದ್ದರೆ "ಭದ್ರತೆ ವಿಷಯ ಹೇಳಬೇಕು, ಯಾರಿಗೆ ಬರೆಯಲಿ?" ಅಂತ ಮಾತ್ರ ಕೇಳಿ.

ಹಂತ 6: ತಿದ್ದಲು ಕೂರುವ ಮುನ್ನ

ಮೂರು ಫೈಲ್ ಓದಿ. ಲೈಸೆನ್ಸ್ ಫೈಲ್ ಇದೆಯಾ? ಕೋಡ್ ಎಲ್ಲರಿಗೂ ಕಾಣುತ್ತದೆ ಅಂದ ಮಾತ್ರಕ್ಕೆ ಓಪನ್ ಸೋರ್ಸ್ ಆಗುವುದಿಲ್ಲ. ಕೆಲವು ಎಕ್ಸ್‌ಟೆನ್ಶನ್‌ಗಳ ರೆಪೊದಲ್ಲಿ ಬರೀ ಇಶ್ಯೂ ಪಟ್ಟಿ ಇರುತ್ತದೆ, ಕೋಡೇ ಇರುವುದಿಲ್ಲ. ಎರಡನೆಯದು ಕಾಂಟ್ರಿಬ್ಯೂಟಿಂಗ್ ಫೈಲ್. ಕೋಡ್ ಶೈಲಿ, ಟೆಸ್ಟ್ ಓಡಿಸುವ ಬಗೆ, ಎಐ ಬಳಕೆಯ ನಿಯಮ ಎಲ್ಲ ಅಲ್ಲಿರುತ್ತದೆ. ಕೊಡುಗೆದಾರರ ಒಪ್ಪಂದಕ್ಕೆ ಸಹಿ ಬೇಕಾ ಅಂತಲೂ ಅಲ್ಲೇ ಹೇಳಿರುತ್ತಾರೆ. ಕೆಲವರು ಒಪ್ಪಂದದ ಬದಲು ಪ್ರತಿ ಕಮಿಟ್‌ನಲ್ಲಿ "ಸೈನ್ಡ್ ಆಫ್ ಬೈ" ಸಾಲು ಕೇಳುತ್ತಾರೆ. ಲಿನಕ್ಸ್ ಕರ್ನಲ್‌ನಿಂದ ಬಂದ ಪದ್ಧತಿ ಇದು. ಕಮಿಟ್ ಆಜ್ಞೆಗೆ ಸಣ್ಣಕ್ಷರದ ಎಸ್ ಫ್ಲ್ಯಾಗ್ ಕೊಟ್ಟರೆ ಸಾಲು ತಾನಾಗಿ ಸೇರುತ್ತದೆ. ಮೂರನೆಯದು ರೀಡ್‌ಮಿ, ಅದರ ಬಗ್ಗೆ ಹೇಳುವುದೇನಿಲ್ಲ.

ಕಾಗುಣಿತದ ತಪ್ಪು ತಿದ್ದುವುದಾದರೆ ನೇರವಾಗಿ ಕಳಿಸಿ. ಎಕ್ಸ್‌ಟೆನ್ಶನ್ ನಡೆದುಕೊಳ್ಳುವ ರೀತಿಯೇ ಬದಲಾಗುವಂತಿದ್ದರೆ ಇಶ್ಯೂನಲ್ಲಿ ಒಂದು ಮಾತು ಕೇಳಿ: "ಹೀಗೆ ತಿದ್ದೋಣ ಅಂದುಕೊಂಡಿದ್ದೇನೆ, ಆಗಬಹುದಾ?" ಮೇಂಟೇನರ್ ಬೇರೆ ಬ್ರಾಂಚ್‌ನಲ್ಲಿ (ಕೋಡಿನ ಪ್ರತ್ಯೇಕ ಕವಲಿನಲ್ಲಿ) ಆಗಲೇ ಆ ಭಾಗವನ್ನು ಕಿತ್ತು ಬರೆಯುತ್ತಿರಬಹುದಲ್ವಾ?

ಹಂತ 7: ಕೋಡ್ ಇಳಿಸಿ, ಓಡಿಸಿ

ರೆಪೊವನ್ನು ನಿಮ್ಮ ಖಾತೆಗೆ ಫೋರ್ಕ್ ಮಾಡಿ (ನಿಮ್ಮದೇ ಪ್ರತಿ ಮಾಡಿಕೊಳ್ಳಿ), ಕ್ಲೋನ್ ಮಾಡಿ (ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ). ಮೂಲ ರೆಪೊವನ್ನು "ಅಪ್‌ಸ್ಟ್ರೀಮ್" ಹೆಸರಿನಲ್ಲಿ ಇನ್ನೊಂದು ರಿಮೋಟ್ (ದೂರದ ರೆಪೊದ ವಿಳಾಸ) ಆಗಿ ಸೇರಿಸಿ, ಮುಂದೆ ಬೇಕಾಗುತ್ತದೆ. ಮೇನ್ ಬ್ರಾಂಚ್ ಮುಟ್ಟಬೇಡಿ. ಈ ಬಗ್‌ಗೆ ಅಂತ ಹೊಸ ಬ್ರಾಂಚ್ ಮಾಡಿ.

ವಿಎಸ್ ಕೋಡ್ ಎಕ್ಸ್‌ಟೆನ್ಶನ್‌ಗಳು ಟೈಪ್‌ಸ್ಕ್ರಿಪ್ಟ್ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿರುತ್ತವೆ, ಹಾಗಾಗಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಬೇಕು. ಅವಲಂಬನೆಗಳನ್ನು, ಅಂದರೆ ಈ ಕೋಡಿಗೆ ಬೇಕಾದ ಬೇರೆ ಪ್ಯಾಕೇಜ್‌ಗಳನ್ನು, ತರಲು "ಎನ್‌ಪಿಎಂ ಇನ್‌ಸ್ಟಾಲ್" ಬದಲು "ಎನ್‌ಪಿಎಂ ಸಿಐ" ಕೊಡಿ. ಇನ್‌ಸ್ಟಾಲ್ ಆಜ್ಞೆ ಅವುಗಳ ಆವೃತ್ತಿ ಬರೆದಿಟ್ಟ ಲಾಕ್ ಫೈಲನ್ನು ಬದಲಾಯಿಸಬಹುದು. ಸಿಐ ಅದರಲ್ಲಿ ಬರೆದ ಆವೃತ್ತಿಗಳನ್ನೇ ತರುತ್ತದೆ, ಫೈಲ್ ಮುಟ್ಟುವುದಿಲ್ಲ.

ಈಗ ಫೋಲ್ಡರನ್ನು ಎಡಿಟರ್‌ನಲ್ಲಿ ತೆರೆದು ಎಫ್5 ಒತ್ತಿ. "ಎಕ್ಸ್‌ಟೆನ್ಶನ್ ಡೆವಲಪ್‌ಮೆಂಟ್ ಹೋಸ್ಟ್" ಅಂತ ತಲೆಬರಹ ಇರುವ ಎರಡನೇ ಕಿಟಕಿ ತೆರೆಯುತ್ತದೆ. ಅದರಲ್ಲಿ ಓಡುವುದು ನಿಮ್ಮ ಕೈಯಲ್ಲಿರುವ ಕೋಡ್. ಅಲ್ಲಿ ನಮ್ಮ ಒಂದು ಸಾಲಿನ ಫೈಲ್ ತೆರೆದು 0 ಬರುತ್ತದಾ ನೋಡಿ. ಬರದಿದ್ದರೆ ಬಗ್ ಆಗಲೇ ಸರಿಯಾಗಿದೆ, ಇನ್ನೂ ಬಿಡುಗಡೆಯಾಗಿಲ್ಲ ಅಷ್ಟೇ. ಈ ಒಂದು ಪರೀಕ್ಷೆ ಬಿಟ್ಟರೆ ಇಲ್ಲದ ಬಗ್ಗನ್ನು ತಿದ್ದುತ್ತಾ ಸಂಜೆ ಕಳೆಯಬೇಕಾಗುತ್ತದೆ.

ಹಂತ 8: ಜಾಗ ಹುಡುಕಿ, ಟೆಸ್ಟ್ ಬರೆದು ತಿದ್ದಿ

ಇಡೀ ಕೋಡ್ ಓದಲು ಹೋಗಬೇಡಿ. ಪರದೆ ಮೇಲೆ ಕಾಣುವ ಪದದಿಂದ ಹಿಂದಕ್ಕೆ ನಡೆಯಿರಿ. ಸ್ಟೇಟಸ್ ಬಾರ್‌ನಲ್ಲಿ ಸಂಖ್ಯೆಯ ಪಕ್ಕ "ವರ್ಡ್ಸ್" ಅಂತ ಇದೆ. ಅದನ್ನೇ ರೆಪೊದಲ್ಲಿ ಹುಡುಕಿ. ಅದನ್ನು ಬರೆಯುವ ಸಾಲು ಸಿಗುತ್ತದೆ, ಅದು ಕರೆಯುವ ಎಣಿಸುವ ಫಂಕ್ಷನ್ ಸಿಗುತ್ತದೆ. ಬಗ್ ಯಾವುದೋ ಆಜ್ಞೆಯದ್ದಾದರೆ ಪ್ಯಾಕೇಜ್ ಡಾಟ್ ಜೇಸನ್ ಫೈಲಿನ "ಕಾಂಟ್ರಿಬ್ಯೂಟ್ಸ್" ಭಾಗದಲ್ಲಿ ಅದರ ಗುರುತಿನ ಹೆಸರಿರುತ್ತದೆ. ಅದನ್ನು ಹುಡುಕಿದರೆ ನೇರ ಜಾಗಕ್ಕೆ ಹೋಗುತ್ತೀರಿ. ಅಲ್ಲೊಂದು ಬ್ರೇಕ್‌ಪಾಯಿಂಟ್ (ಕೋಡ್ ಓಡುತ್ತಾ ನಿಲ್ಲುವ ಜಾಗ) ಇಟ್ಟು ಎರಡನೇ ಕಿಟಕಿಯಲ್ಲಿ ಬಗ್ ಬರಿಸಿದರೆ ಒಳಗೆ ಏನು ನಡೆಯುತ್ತಿದೆ ಅಂತ ನಿಂತು ನೋಡಬಹುದು.

ನಮ್ಮ ಫಂಕ್ಷನ್‌ನಲ್ಲಿ ಇರುವುದು ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದಲ್ಲಿ ಯಾವ ಮಾದರಿ ಹುಡುಕಬೇಕು ಅಂತ ಹೇಳುವ ಸೂತ್ರ): ಬ್ಯಾಕ್‌ಸ್ಲ್ಯಾಶ್, ಸಣ್ಣ ಡಬ್ಲ್ಯೂ, ಪ್ಲಸ್. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಸಿಗುವುದು ಇಂಗ್ಲಿಷ್ ಅಕ್ಷರ, 0ಯಿಂದ 9ರವರೆಗಿನ ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ. ಊಹೆ ಸರಿಯಿತ್ತು.

ತಿದ್ದುವುದು ಹೇಗೆ? 2018ರ ಜಾವಾಸ್ಕ್ರಿಪ್ಟ್ ಆವೃತ್ತಿಯಿಂದ "ಯಾವುದೇ ಲಿಪಿಯ ಅಕ್ಷರ" ಅಂತ ಹೇಳುವ ಸೌಲಭ್ಯ ಇದೆ. ಬ್ಯಾಕ್‌ಸ್ಲ್ಯಾಶ್ ಪಿ, ಮುಂದೆ ಪುಷ್ಪಾವರಣದಲ್ಲಿ ದೊಡ್ಡ ಎಲ್, ಕೊನೆಗೆ ಯು ಫ್ಲ್ಯಾಗ್. ಅದನ್ನು ಹಾಕಿ ನೋಡಿ. "ಮರ" ಅಂತ ಬರೆದರೆ 1 ಬರುತ್ತದೆ. ಖುಷಿಯಾಗಿ ಇಲ್ಲೇ ನಿಲ್ಲಿಸಿಬಿಡುವವರು ಜಾಸ್ತಿ. "ಕನ್ನಡ" ಅಂತ ಬರೆಯಿರಿ, 2 ಬರುತ್ತದೆ. "ಪುಸ್ತಕ" ಅಂತ ಬರೆಯಿರಿ, 3!

ಯಾಕೆಂದರೆ ಯೂನಿಕೋಡ್ ಲೆಕ್ಕದಲ್ಲಿ ಕೊಂಬು, ದೀರ್ಘ, ಒತ್ತಕ್ಷರ ಮಾಡಿಸುವ ಹಲಂತ ಇವೆಲ್ಲ ಅಕ್ಷರ ಅಲ್ಲ, "ಮಾರ್ಕ್" ಅನ್ನುವ ಬೇರೆ ಗುಂಪು. "ಪುಸ್ತಕ" ಕೊಂಬಿನ ಹತ್ತಿರ ಒಮ್ಮೆ, ಹಲಂತದ ಹತ್ತಿರ ಒಮ್ಮೆ ತುಂಡಾಯಿತು. "ಮರ" ಪದದಲ್ಲಿ ಇವೆರಡೂ ಇಲ್ಲ, ಅದಕ್ಕೇ ಪಾಸಾಯಿತು. ಹಾಗಾಗಿ ಅಕ್ಷರದ ಜೊತೆ ಮಾರ್ಕ್ ಗುಂಪು, ಎಲ್ಲ ಲಿಪಿಯ ಅಂಕಿಗಳ ಗುಂಪು ಮತ್ತು ಮೊದಲಿದ್ದ ಅಂಡರ್‌ಸ್ಕೋರ್ ನಾಲ್ಕನ್ನೂ ಸೇರಿಸಬೇಕು. ಆಗ ಎರಡೂ ಪದ 1 ಆಗುತ್ತವೆ.

ಇನ್ನೂ ಒಂದು ಬಾಕಿ ಇದೆ. "ಸಾಫ್ಟ್‌ವೇರ್" ಅಂತ ಬರೆದರೆ 2 ಬರುತ್ತದೆ. ಟಕಾರಕ್ಕೆ ವಕಾರ ಒತ್ತಾಗಿ ಕೂರದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್. ಅದು ಅಕ್ಷರವೂ ಅಲ್ಲ, ಮಾರ್ಕೂ ಅಲ್ಲ. ಅದನ್ನೂ ಅದರ ಜೋಡಿ ಜಾಯ್ನರನ್ನೂ ಸೇರಿಸಿದ ಮೇಲೆ ಲೆಕ್ಕ ಸರಿಹೋಗುತ್ತದೆ. ಇದೆಲ್ಲ ಬೇಡ ಅಂದರೆ ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಸೆಗ್ಮೆಂಟರ್ ಬಳಸಬಹುದು. ಪದ ಬಿಡಿಸುವ ಕೆಲಸ ಅದಕ್ಕೆ ಗೊತ್ತು. ಆದರೆ ಈಗಾಗಲೇ ಬಳಸುತ್ತಿರುವವರಿಗೆ ಇಂಗ್ಲಿಷ್ ಲೆಕ್ಕವೂ ಅಲ್ಲಲ್ಲಿ ಬದಲಾಗಬಹುದು. ನಾನಾದರೆ ಮೊದಲ ಪ್ಯಾಚ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ನನ್ನೇ ತಿದ್ದಿ, ಸೆಗ್ಮೆಂಟರ್ ಬೇಕಾ ಅಂತ ಇಶ್ಯೂನಲ್ಲಿ ಕೇಳುತ್ತೇನೆ.

ಈ ಪದಗಳೇ ನಿಮ್ಮ ಟೆಸ್ಟ್. "ಮರ", "ಕನ್ನಡ", "ಪುಸ್ತಕ", "ಸಾಫ್ಟ್‌ವೇರ್", ಜೊತೆಗೆ ಒಂದು ಇಂಗ್ಲಿಷ್ ವಾಕ್ಯ. ಟೆಸ್ಟ್ ಮೊದಲು ಬರೆದು, ಹಳೇ ಕೋಡ್ ಮೇಲೆ ಅದು ಫೇಲ್ ಆಗುವುದನ್ನು ಕಣ್ಣಾರೆ ನೋಡಿ. ಆಮೇಲೆ ತಿದ್ದಿ. ತಿದ್ದುವ ಮುಂಚೆಯೂ ಪಾಸಾಗುತ್ತಿದ್ದ ಟೆಸ್ಟ್ ಇದ್ದೂ ಇಲ್ಲದ ಹಾಗೆ. ಕನ್ನಡ ಬಾರದವರು ಮುಂದೆ ಇದೇ ಸಾಲನ್ನು "ಸರಳ" ಮಾಡಲು ಹೊರಟರೆ ತಡೆಯುವುದು ಈ ಟೆಸ್ಟ್ ಒಂದೇ. ಕಾಣದ ಚಿಹ್ನೆ ಇರುವ ಕಡೆ ಒಂದು ಸಾಲಿನ ಕಾಮೆಂಟೂ ಹಾಕಿ.

ಹಂತ 9: ಕಮಿಟ್ ಮತ್ತು ಪುಲ್ ರಿಕ್ವೆಸ್ಟ್

ಕಮಿಟ್ ಮಾಡುವ ಮುಂಚೆ, ಏನೇನು ಬದಲಾಗಿದೆ ಅಂತ ತೋರಿಸುವ ಗಿಟ್ ಡಿಫ್ ನೋಡಿ. ಎರಡು ಸಾಲು ತಿದ್ದಿದ್ದಕ್ಕೆ 400 ಸಾಲು ಬದಲಾಗಿದೆ ಅಂತ ಬಂದರೆ ಗಾಬರಿ ಬೇಡ. ನಿಮ್ಮ ಎಡಿಟರ್ ಸೇವ್ ಮಾಡುವಾಗ ಫೈಲನ್ನು ತನ್ನಿಷ್ಟದಂತೆ ಫಾರ್ಮ್ಯಾಟ್ ಮಾಡಿದೆ, ಇಲ್ಲವೇ ವಿಂಡೋಸ್‌ನ ಸಾಲು ಕೊನೆಯ ಗುರುತು ಸೇರಿಕೊಂಡಿದೆ. ಆ ರೆಪೊಗೆ ಮಾತ್ರ "ಫಾರ್ಮ್ಯಾಟ್ ಆನ್ ಸೇವ್" ಆಫ್ ಮಾಡಿ, ಫೈಲನ್ನು ಹಿಂದಿನ ಸ್ಥಿತಿಗೆ ತಂದು ನಿಮ್ಮ ಎರಡು ಸಾಲು ಮಾತ್ರ ಮತ್ತೆ ತಿದ್ದಿ. ಪಕ್ಕದಲ್ಲಿ ಕಂಡ ಕೆಟ್ಟ ವೇರಿಯೇಬಲ್ ಹೆಸರು ಸರಿಮಾಡುವ ಆಸೆ ಆಗುತ್ತದೆ. ಅದನ್ನು ಇನ್ನೊಂದು ಪುಲ್ ರಿಕ್ವೆಸ್ಟ್‌ಗೆ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗೆ) ಇಡಿ. ಸಣ್ಣ ಡಿಫ್ ಇದ್ದರೆ ಮೇಂಟೇನರ್ ಚಹಾ ಕುಡಿಯುವಷ್ಟರಲ್ಲಿ ಓದಿ ಮುಗಿಸುತ್ತಾನೆ. ದೊಡ್ಡದನ್ನು "ಭಾನುವಾರ ನೋಡೋಣ" ಅಂತ ಪಕ್ಕಕ್ಕಿಡುತ್ತಾನೆ, ಆ ಭಾನುವಾರ ಬರುವುದೇ ಇಲ್ಲ.

ಕಮಿಟ್ ಸಂದೇಶದ ಮೊದಲ ಸಾಲು ಏನು ಬದಲಾಯಿತು ಅಂತ ಹೇಳಲಿ, ಕೆಳಗಿನ ಸಾಲುಗಳು ಯಾಕೆ ಅಂತ. ಹಳೇ ಕಮಿಟ್‌ಗಳನ್ನು ಗಿಟ್ ಲಾಗ್‌ನಲ್ಲಿ ನೋಡಿ ಅದೇ ಧಾಟಿ ಹಿಡಿಯಿರಿ.

ಪುಲ್ ರಿಕ್ವೆಸ್ಟ್ ವಿವರಣೆಯಲ್ಲಿ "ಫಿಕ್ಸಸ್" ಅಂತ ಬರೆದು ಹ್ಯಾಶ್ ಗುರುತಿನ ಜೊತೆ ಇಶ್ಯೂ ಸಂಖ್ಯೆ ಕೊಟ್ಟರೆ, ಮುಖ್ಯ ಬ್ರಾಂಚ್‌ಗೆ ಮರ್ಜ್ ಆದಾಗ (ಸೇರಿಕೊಂಡಾಗ) ಇಶ್ಯೂ ತಾನಾಗಿ ಮುಚ್ಚುತ್ತದೆ. ಹೇಗೆ ಪರೀಕ್ಷಿಸಿದಿರಿ, ಏನನ್ನು ಪರೀಕ್ಷಿಸಿಲ್ಲ, ಎರಡನ್ನೂ ಬರೆಯಿರಿ. "ಲಿನಕ್ಸ್‌ನಲ್ಲಿ ನೋಡಿದ್ದೇನೆ, ಮ್ಯಾಕ್‌ನಲ್ಲಿ ನೋಡಿಲ್ಲ" ಅನ್ನುವುದು ಮರ್ಯಾದೆಯ ಮಾತು. "ಮೇಂಟೇನರ್‌ಗಳು ಎಡಿಟ್ ಮಾಡಬಹುದು" ಅನ್ನುವ ಚೌಕದಲ್ಲಿ ಟಿಕ್ ಇರಲಿ. ಅಲ್ಪವಿರಾಮ ತಿದ್ದಲು ನಿಮ್ಮನ್ನು ಕಾಯಬೇಕಾಗುವುದಿಲ್ಲ.

ಹಂತ 10: ರಿವ್ಯೂ, ಮತ್ತು ಕಾಯುವುದು

ಮೊದಲು ಬರುವ ಉತ್ತರ ಮನುಷ್ಯರದ್ದಾಗಿರುವುದಿಲ್ಲ. ಸ್ವಯಂಚಾಲಿತ ಪರೀಕ್ಷೆ ಓಡುತ್ತದೆ. ಹೊಸಬರ ಪುಲ್ ರಿಕ್ವೆಸ್ಟ್ ಆದರೆ ಅದನ್ನು ಓಡಿಸಲೂ ಮೇಂಟೇನರ್ ಅನುಮತಿ ಬೇಕಾಗಬಹುದು. ಕೆಂಪು ಗುರುತು ಬಂದರೆ ಲಾಗ್ ತೆರೆದು ನೋಡಿ. ಕಾರಣ ಎಷ್ಟೋ ಸಲ ಕೋಡ್ ಶೈಲಿ ನೋಡುವ ಇಎಸ್‌ಲಿಂಟ್ ಕೇಳುವ ಒಂದು ಸೆಮಿಕೋಲನ್ ಆಗಿರುತ್ತದೆ.

ರಿವ್ಯೂನಲ್ಲಿ ಬದಲಾವಣೆ ಕೇಳಿದರೆ ಅದೇ ಬ್ರಾಂಚ್‌ಗೆ ಹೊಸ ಕಮಿಟ್ ಸೇರಿಸಿ, ಹೊಸ ಪುಲ್ ರಿಕ್ವೆಸ್ಟ್ ತೆರೆಯಬೇಡಿ. ರೀಬೇಸ್, ಅಂದರೆ ನಿಮ್ಮ ಕಮಿಟ್‌ಗಳನ್ನು ಮೂಲದ ಹೊಸ ಕೋಡಿನ ಮೇಲೆ ಮತ್ತೆ ಕೂರಿಸುವುದನ್ನು, ಕೇಳಿದರೆ ಅಪ್‌ಸ್ಟ್ರೀಮ್‌ನಿಂದ ಫೆಚ್ ಮಾಡಿ ರೀಬೇಸ್ ಮಾಡಿ, "ಫೋರ್ಸ್ ವಿತ್ ಲೀಸ್" ಫ್ಲ್ಯಾಗ್ ಹಾಕಿ ಪುಶ್ ಮಾಡಿ. ಬರೀ ಫೋರ್ಸ್ ಹಾಕಿದರೆ ಮೇಂಟೇನರ್ ನಿಮ್ಮ ಬ್ರಾಂಚ್‌ಗೆ ಸೇರಿಸಿದ ಕಮಿಟ್ ಅಳಿಸಿಹೋಗಬಹುದು. ಕೇಳಿದ ಬದಲಾವಣೆ ಸರಿಯಲ್ಲ ಅನ್ನಿಸಿದರೆ ಹೇಳಿ, ಆದರೆ ಉದಾಹರಣೆ ಇಟ್ಟು ಹೇಳಿ. "ಮಾರ್ಕ್ ಗುಂಪು ತೆಗೆದರೆ ಪುಸ್ತಕ ಅನ್ನುವ ಟೆಸ್ಟ್ 3 ಕೊಡುತ್ತದೆ" ಅಂದರೆ ವಾದವೇ ಬೇಕಾಗುವುದಿಲ್ಲ.

ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ವಿನಯದಿಂದ ನೆನಪಿಸಿ. ಹೆಚ್ಚಿನ ಎಕ್ಸ್‌ಟೆನ್ಶನ್‌ಗಳನ್ನು ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನಡೆಸುತ್ತಾರೆ. ದಿನಾ ಕೇಳಿದರೆ ಬೇಗ ಆಗುವುದಿಲ್ಲ, ಬೇಜಾರು ಮಾತ್ರ ಆಗುತ್ತದೆ.

ಮರ್ಜ್ ಆಗುವವರೆಗೆ, ಆಗದಿದ್ದರೆ

ಮರ್ಜ್ ಆದ ದಿನವೇ ತಿದ್ದುಪಡಿ ಎಲ್ಲರಿಗೂ ಸಿಗುವುದಿಲ್ಲ, ಹೊಸ ಆವೃತ್ತಿ ಬಿಡುಗಡೆಯಾಗಬೇಕು. ಕೆಲವು ಎಕ್ಸ್‌ಟೆನ್ಶನ್‌ಗಳಿಗೆ ಪ್ರೀ-ರಿಲೀಸ್ ಆವೃತ್ತಿ ಇರುತ್ತದೆ, ಅದಕ್ಕೆ ಬದಲಾಯಿಸಿಕೊಂಡರೆ ಬೇಗ ಸಿಗುತ್ತದೆ. ಅಲ್ಲಿಯವರೆಗೆ ನಿಮ್ಮ ಬ್ರಾಂಚ್‌ನಿಂದಲೇ ಪ್ಯಾಕೇಜ್ ಮಾಡಿಕೊಳ್ಳಬಹುದು. "ವಿಎಸ್‌ಸಿಇ ಪ್ಯಾಕೇಜ್" ಆಜ್ಞೆ ಒಂದು ವಿಎಸ್‌ಐಎಕ್ಸ್ ಫೈಲ್ ಕೊಡುತ್ತದೆ. ಎಕ್ಸ್‌ಟೆನ್ಶನ್ ಪಟ್ಟಿಯ ಮೂರು ಚುಕ್ಕಿ ಒತ್ತಿ "ಇನ್‌ಸ್ಟಾಲ್ ಫ್ರಮ್ ವಿಎಸ್‌ಐಎಕ್ಸ್" ಆರಿಸಿದರೆ ಆಯಿತು. ಅದಕ್ಕೆ ಆಟೋ ಅಪ್‌ಡೇಟ್ ಆಫ್ ಇದೆಯಾ ಅಂತಲೂ ನೋಡಿಕೊಳ್ಳಿ. ಇಲ್ಲದಿದ್ದರೆ ತಿದ್ದುಪಡಿ ಇಲ್ಲದ ಬಿಡುಗಡೆ ಬಂದು ನಿಮ್ಮದರ ಮೇಲೆ ಕೂತುಬಿಡಬಹುದು.

ರೆಪೊದಲ್ಲಿ ವರ್ಷಗಳಿಂದ ಯಾರೂ ಕಾಣುತ್ತಿಲ್ಲ ಅಂದರೆ, ಮೊದಲು ಇಶ್ಯೂನಲ್ಲಿ "ನಿರ್ವಹಣೆಗೆ ಕೈಜೋಡಿಸಲಾ?" ಅಂತ ಕೇಳಿ. ಅದಕ್ಕೂ ಉತ್ತರವಿಲ್ಲದಿದ್ದರೆ ಫೋರ್ಕನ್ನು ನೀವೇ ಪ್ರಕಟಿಸಬಹುದು, ಲೈಸೆನ್ಸ್ ಒಪ್ಪಿದರೆ. ಎಂಐಟಿ ಲೈಸೆನ್ಸ್ ಆದರೆ ಮೂಲ ಲೇಖಕರ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಹಾಗೇ ಉಳಿಸಬೇಕು. ಪಬ್ಲಿಷರ್ ಹೆಸರು ನಿಮ್ಮದಾಗಲಿ, ಎಕ್ಸ್‌ಟೆನ್ಶನ್ ಹೆಸರು ಬೇರೆ ಇರಲಿ, ಇದು ಯಾವುದರ ಫೋರ್ಕ್ ಅಂತ ರೀಡ್‌ಮಿಯ ಮೊದಲ ಸಾಲಲ್ಲೇ ಹೇಳಿ. ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಬಗ್ ವರದಿಯ ವಿಳಾಸವನ್ನು ನಿಮ್ಮ ರೆಪೊಗೆ ಬದಲಾಯಿಸಲು ಮರೆಯಬೇಡಿ. ಮರೆತರೆ ನಿಮ್ಮ ಫೋರ್ಕ್‌ನ ದೂರುಗಳೆಲ್ಲ ಹಳೇ ರೆಪೊಗೇ ಹೋಗಿ ಬೀಳುತ್ತವೆ.